ಯುದ್ಧ ಮುಗಿಸಿ ಬಂದ ಬಾಬರ್ ಏನು ಮಾಡುತ್ತಿದ್ದ?

ಶಾಲೆಯ ಚರಿತ್ರೆ ಪುಸ್ತಕದಲ್ಲಿ ನಾವು ಓದಿದ ರಾಜರಿಗೆ ಮನೆಯೇ ಇರಲಿಲ್ಲವೇನೋ ಎನಿಸುತ್ತದೆ. ಅವರಿಗೆ ಕೋಟೆಯಿತ್ತು, ಸೈನ್ಯವಿತ್ತು, ಶತ್ರುಗಳಿದ್ದರು. ಯುದ್ಧ ಮುಗಿಸಿ ಮರಳಿದ ಮೇಲೆ ಅವರು ಏನು ಮಾಡುತ್ತಿದ್ದರೆಂದು ನಮಗೆ ಯಾರೂ ಕಲಿಸಲಿಲ್ಲ. ಒಂದು ಭಾನುವಾರ ಬಿಡುವು ಸಿಕ್ಕಿದರೆ ನಾವು ಹಿತ್ತಿಲಲ್ಲಿ ಬಸಳೆಗೆ ಚಪ್ಪರ ಹಾಕುತ್ತೇವೆ, ಸೋರುವ ಕಡೆ ಹಂಚು ಬದಲಾಯಿಸುತ್ತೇವೆ, ಮಾಸಿದ ಕಿಟಕಿಗೆ ಬಣ್ಣ ಬಳಿಯುತ್ತೇವೆ. ಸಂಜೆಯಾದಾಗ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಮಾಡಿದ್ದನ್ನು ನಾವೇ ನೋಡಿ ಖುಷಿಪಡುತ್ತೇವೆ. ಈ ಸಣ್ಣ ಖುಷಿಗೆ ಚರಿತ್ರೆಯಲ್ಲಿ ಜಾಗವಿಲ್ಲವೇ?

ಇದೆ. ನಾವು ನಿರೀಕ್ಷಿಸದ ವ್ಯಕ್ತಿಯೊಬ್ಬನ ದಿನಚರಿಯಲ್ಲಿ ಅದು ಪುಟಗಟ್ಟಲೆ ಇದೆ. ಆತ ಮೊಗಲ್ ಸಾಮ್ರಾಜ್ಯದ ಸ್ಥಾಪಕ ಝಹೀರುದ್ದೀನ್ ಮುಹಮ್ಮದ್ ಬಾಬರ್. ಬಾಬರ್ ಎಂದೊಡನೆ ನಮ್ಮ ದೇಶದಲ್ಲಿ ವಾದ ಶುರುವಾಗುತ್ತದೆ. ಒಂದು ಕಡೆಯವರಿಗೆ ಆತ ಬರೀ ದಾಳಿಕೋರ, ಇನ್ನೊಂದು ಕಡೆಯವರಿಗೆ ಬರೀ ಶೂರ. ಎರಡೂ ಕಡೆಯವರು ಸಾಮಾನ್ಯವಾಗಿ ಓದದೇ ಬಿಡುವ ಒಂದು ಪುಸ್ತಕವನ್ನು ಆತನೇ ಬರೆದಿಟ್ಟಿದ್ದಾನೆ. ಚಗತಾಯಿ ತುರ್ಕಿ ಭಾಷೆಯ ಆ ಆತ್ಮಕಥನವೇ 'ಬಾಬರ್‌ನಾಮಾ'. ಮೊಮ್ಮಗ ಅಕ್ಬರನಿಗಾಗಿ ಅಬ್ದುರ್ರಹೀಮ್ ಖಾನ್‌ಖಾನಾನ್ 1589ರಲ್ಲಿ ಅದನ್ನು ಪರ್ಶಿಯನ್ ಭಾಷೆಗೆ ತಂದನು. ಅದರಲ್ಲಿ ಯುದ್ಧಗಳಿವೆ, ನಿಜ. ಅವುಗಳ ನಡುನಡುವೆ ಬಾವಿ ತೋಡಿಸಿದ, ಕೊಳ ಕಟ್ಟಿಸಿದ, ಸಸಿ ನೆಟ್ಟ ಸುದ್ದಿಗಳೂ ಇವೆ. ಆ ಸುದ್ದಿ ಬಂದಾಗ ಬರೆಯುವವನ ದನಿಯೇ ಬದಲಾಗುತ್ತದೆ.

ಕಾಬೂಲಿನ ತೋಟಗಾರ

1483ರಲ್ಲಿ ಹುಟ್ಟಿದ ಬಾಬರ್ ತಾರುಣ್ಯದಲ್ಲೇ ತನ್ನ ತವರು ಫರ್ಗಾನಾವನ್ನು ಕಳಕೊಂಡ. ಆಸೆಪಟ್ಟು ಗೆದ್ದ ಸಮರ್ಕಂದ್ ಕೂಡಾ ಕೈಯಲ್ಲಿ ಉಳಿಯಲಿಲ್ಲ. ಊರೂರು ಅಲೆದು 1504ರಲ್ಲಿ ಕಾಬೂಲ್ ವಶಪಡಿಸಿಕೊಂಡಾಗ ಆತನಿಗೆ ನೆಲೆಯೊಂದು ದೊರೆಯಿತು. ನೆಲೆ ಸಿಕ್ಕಿದ್ದೇ ತಡ, ಆತನ ಹವ್ಯಾಸವೂ ಬೇರು ಬಿಟ್ಟಿತು.

ಇಸ್ತಾಲಿಫ್ ಎಂಬಲ್ಲಿ ಒಂದು ದೊಡ್ಡ ತೋಟವಿತ್ತು. ಹಿಂದಿನ ದೊರೆ ಉಲುಗ್‌ಬೇಗ್ ಮಿರ್ಝಾ ಅದನ್ನು ಅದರ ಒಡೆಯರಿಂದ ಬಲವಂತವಾಗಿ ಕಿತ್ತುಕೊಂಡಿದ್ದ. ತಾನು ಒಡೆಯರಿಗೆ ಅದರ ಬೆಲೆ ಕೊಟ್ಟೆನೆಂದು ಬಾಬರ್ ದಾಖಲಿಸುತ್ತಾನೆ. ತೋಟದ ನಡುವೆ ಹರಿಯುತ್ತಿದ್ದ ತೊರೆ ಅಂಕುಡೊಂಕಾಗಿತ್ತು. ಅದನ್ನು ನೆಟ್ಟಗೆ ಮಾಡಿಸಿದ ಮೇಲೆ ಜಾಗ ಬಹಳ ಸುಂದರವಾಯಿತೆಂದು ಹೇಳುತ್ತಾನೆ. ಅಂಗಳದ ಚರಂಡಿಯನ್ನು ಸರಿಪಡಿಸಿ ನೆಮ್ಮದಿಪಡುವ ಯಾವ ಮನೆಯೊಡೆಯನಾದರೂ ಈ ಮಾತನ್ನು ಅರ್ಥಮಾಡಿಕೊಳ್ಳಬಲ್ಲ.

ಖ್ವಾಜಾ ಸಿಹ್‌ಯಾರಾನ್ ಎಂಬಲ್ಲಿನ ಬುಗ್ಗೆಯ ಸುತ್ತ ಕಲ್ಲು-ಗಾರೆಯಿಂದ ಹತ್ತಕ್ಕೆ ಹತ್ತು ಅಳತೆಯ ಕಟ್ಟೆ ಕಟ್ಟಿಸಿದ. ಅಲ್ಲಿ ಅರ್ಗ್ವಾನ್ ಮರಗಳು ಹೂಬಿಟ್ಟಾಗ ಅದಕ್ಕೆ ಸಮನಾದ ಜಾಗ ಲೋಕದಲ್ಲಿ ಇನ್ನೊಂದಿಲ್ಲವೆಂಬುದು ಆತನ ಅಭಿಪ್ರಾಯ. ಈ ಹತ್ತಕ್ಕೆ ಹತ್ತು ಎಂಬ ಅಳತೆ ಆತನ ಬರಹದಲ್ಲಿ ಮತ್ತೆ ಮತ್ತೆ ಬರುತ್ತದೆ. ಹನಫಿ ಮಸೀದಿಗಳ ಹೌಝನ್ನು ಬಲ್ಲವರಿಗೆ ಈ ಅಳತೆ ಹೊಸತಲ್ಲ.

ಎಲ್ಲಕ್ಕಿಂತ ಹೆಚ್ಚು ಮನಸ್ಸಿಟ್ಟು ಮಾಡಿದ್ದು ಇಂದಿನ ಜಲಾಲಾಬಾದ್ ಸಮೀಪದ 'ಬಾಗೆ ವಫಾ'. 1508-09ರಲ್ಲಿ ಆರಂಭಿಸಿದ ಈ ತೋಟದಲ್ಲಿ ಕಿತ್ತಳೆ, ಮಾದಳ, ದಾಳಿಂಬೆಗಳಿದ್ದವು. ಮುಂದೆ ಹಿಂದೂಸ್ತಾನದ ಕಡೆ ದಂಡೆತ್ತಿ ಬಂದವನು ಹಿಂದಿರುಗಿದಾಗ ತಂದದ್ದರಲ್ಲಿ ಬಾಳೆಯ ಗಿಡವೂ ಇತ್ತು! ಅದು ಚೆನ್ನಾಗಿ ಬಂತೆಂದು ಬರೆದಿದ್ದಾನೆ. ಕಬ್ಬನ್ನೂ ನೆಡಿಸಿದ, ಅದರಲ್ಲಿ ಸ್ವಲ್ಪವನ್ನು ಬುಖಾರಾಕ್ಕೂ ಬದಖ್‌ಶಾನಿಗೂ ಕಳುಹಿಸಿದ. ನಮ್ಮ ಹೆಂಗಸರು ನೆಂಟರ ಮನೆಯಿಂದ ಮಲ್ಲಿಗೆಯ ಗೆಲ್ಲು ತಂದು ನೆಟ್ಟು, ಚಿಗುರಿದ ಮೇಲೆ ನೆರೆಮನೆಗೆ ಹಂಚುವುದಿಲ್ಲವೇ, ಹಾಗೆ.

ಹಿಡಿಸದ ಊರು

1526ರ ಏಪ್ರಿಲಿನಲ್ಲಿ ಪಾಣಿಪತ್ ಯುದ್ಧ ಗೆದ್ದು ಆಗ್ರಾಕ್ಕೆ ಬಂದ ಬಾಬರನಿಗೆ ಈ ದೇಶ ಹಿಡಿಸಲಿಲ್ಲ. ಅದನ್ನು ಆತ ಮುಚ್ಚಿಡುವುದೂ ಇಲ್ಲ. ಒಳ್ಳೆಯ ದ್ರಾಕ್ಷಿಯಿಲ್ಲ, ಕರಬೂಜವಿಲ್ಲ, ಮಂಜುಗಡ್ಡೆಯಿಲ್ಲ, ಹಮಾಮ್ ಇಲ್ಲ ಎಂದು ದೂರುಗಳ ಪಟ್ಟಿಯನ್ನೇ ಕೊಡುತ್ತಾನೆ. ಸೆಕೆ, ಗಾಳಿ, ಧೂಳು ಎಂಬ ಮೂರು ಕಾಟಗಳನ್ನು ಹೆಸರಿಸುತ್ತಾನೆ. ಆತನ ಸರದಾರರಲ್ಲಿ ಹಲವರಿಗೆ ಊರಿಗೆ ಮರಳುವ ಆತುರ. ಆಪ್ತನಾದ ಖ್ವಾಜಾ ಕಲಾನ್ ಹೊರಟೇಬಿಟ್ಟ. ಹೋಗುವಾಗ ಹಿಂದೂಸ್ತಾನವನ್ನು ಹಳಿಯುವ ಪದ್ಯವೊಂದನ್ನು ದಿಲ್ಲಿಯ ತನ್ನ ಮನೆಯ ಗೋಡೆಯ ಮೇಲೆ ಬರೆದು ಹೋದ. ಇದು ಸಭ್ಯತೆಯಲ್ಲವೆಂದು ಬಾಬರನಿಗೆ ಬೇಸರವಾಯಿತು.

ಬಾಬರ್ ಉಳಿದ. ಹಿಡಿಸದ ಊರಿನಲ್ಲಿ ಉಳಿಯುವವನು ಏನು ಮಾಡಬೇಕು? ಯಮುನೆ ದಾಟಿ ತೋಟಕ್ಕೆ ಜಾಗ ಹುಡುಕಿದ. ಕಂಡ ನೆಲ ಎಷ್ಟು ಹಾಳುಬಿದ್ದಿತ್ತೆಂದರೆ ಅದರ ಮೇಲೆ ನಡೆಯುವುದೇ ಅಸಹ್ಯವೆನಿಸಿ, ತೋಟದ ಯೋಚನೆಯನ್ನೇ ಬಿಟ್ಟುಬಿಟ್ಟಿದ್ದ. ಹತ್ತಿರದಲ್ಲಿ ಬೇರೆ ನೆಲವಿರಲಿಲ್ಲ. ಕೆಲವು ದಿನಗಳ ಬಳಿಕ ಅದೇ ನೆಲದಲ್ಲಿ ಕೆಲಸ ಶುರುವಾಯಿತು. ಮೊದಲು ಒಂದು ದೊಡ್ಡ ಬಾವಿ, ಬಳಿಕ ಹುಣಸೆ ಮರಗಳಿದ್ದ ಜಾಗದಲ್ಲಿ ಎಂಟು ಮೂಲೆಯ ಕೊಳ, ಆಮೇಲೆ ದೊಡ್ಡ ಕೊಳ, ಚಾವಡಿ, ಖಾಸಗಿ ಮನೆ, ಕೊನೆಗೆ ಹಮಾಮ್. ಸೆಕೆ, ಗಾಳಿ, ಧೂಳು ಮೂರಕ್ಕೂ ಹಮಾಮ್ ಒಂದೇ ಮದ್ದು ಎಂಬುದು ಆತನ ನಂಬಿಕೆ. ಮೂಲೆ ಮೂಲೆಗಳಲ್ಲಿ ಅಳತೆಗೆ ಸರಿಯಾದ ಪಾತಿಗಳು, ಪಾತಿಗಳಲ್ಲಿ ಗುಲಾಬಿ ಮತ್ತು ನರ್ಗಿಸ್ ಹೂಗಳು. ಇಂತಹ ತೋಟ ಕಂಡಿರದ ಊರವರು ನದಿಯ ಆ ದಡಕ್ಕೆ 'ಕಾಬೂಲ್' ಎಂದೇ ಹೆಸರಿಟ್ಟರಂತೆ.

ಆಗ್ರಾ ಕೋಟೆಯೊಳಗೂ ಆತ ಮೆಟ್ಟಿಲುಗಳ ದೊಡ್ಡ ಬಾವಿ ಕಟ್ಟಿಸಿದ. ಎತ್ತು ತಿರುಗಿಸುವ ಚಕ್ರದಿಂದ ನೀರು ಮೇಲೇರುತ್ತಿತ್ತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಮೆಟ್ಟಿಲು ಬಾವಿ ಆತ ತಂದದ್ದಲ್ಲ, ಈ ನೆಲದ್ದೇ ಜಾಣ್ಮೆ. ಕಾಬೂಲಿನಲ್ಲಿ ಹರಿಯುವ ತೊರೆಗೆ ಕಟ್ಟೆ ಕಟ್ಟಿದವನು, ತೊರೆಯಿಲ್ಲದ ಇಲ್ಲಿ ಬಾವಿಗೆ ಒಗ್ಗಿಕೊಂಡ. ಹಳಿಯುತ್ತಲೇ ಕಲಿಯತೊಡಗಿದ. ಮಳೆಗಾಲದ ಗಾಳಿ ಬಹಳ ಹಿತವೆಂದು ಬರೆದ. ಮಾವು, ಹಲಸು, ಹುಣಸೆಗಳನ್ನು ಒಂದೊಂದಾಗಿ ವರ್ಣಿಸಿದ. 1528ರಲ್ಲಿ ಗ್ವಾಲಿಯರಿಗೆ ಹೋದಾಗ ಅಲ್ಲಿನ ಕಣಗಿಲೆಯ ಬಣ್ಣ ಕಂಡು ಮರುಳಾಗಿ, ಆಗ್ರಾದ ತೋಟಕ್ಕೆ ತರಿಸಿದ.

ಬಲ್ಖ್ ಕಡೆಯ ಬೇಸಾಯಗಾರನೊಬ್ಬ ಆಗ್ರಾದಲ್ಲಿ ಆತನಿಗಾಗಿ ಕರಬೂಜ ಬೆಳೆದ. 1529ರ ಫೆಬ್ರವರಿಯಲ್ಲಿ ಖ್ವಾಜಾ ಕಲಾನನಿಗೆ ಬರೆದ ಕಾಗದದಲ್ಲಿ, ಇತ್ತೀಚೆಗೆ ಬಂದ ಒಂದು ಕರಬೂಜವನ್ನು ಕೊಯ್ದು ತಿನ್ನುತ್ತಿದ್ದಂತೆ ತನಗೆ ಅಳು ಬಂತೆಂದು ಬಾಬರ್ ತಿಳಿಸುತ್ತಾನೆ. ಅದೇ ಕಾಗದದಲ್ಲಿ ಕಾಬೂಲಿನ ಕೋಟೆ ದುರಸ್ತಿ, ಮಸೀದಿಯ ಕೆಲಸ, ತೋಟಕ್ಕೆ ನೀರು, ಗಿಡ ನೆಡುವುದು ಎಂದು ಕೆಲಸಗಳ ಪಟ್ಟಿಯೂ ಇದೆ. ದೂರದೇಶದಲ್ಲಿ ದುಡಿಯುತ್ತಾ ಊರಿನ ಮನೆಯ ದುರಸ್ತಿಯ ಬಗ್ಗೆ ಕಾಗದ ಬರೆಯುವವರನ್ನು ನಮ್ಮ ಕರಾವಳಿಯ ಕುಟುಂಬಗಳು ಚೆನ್ನಾಗಿ ಬಲ್ಲವು. ಅದೇ ವರ್ಷದ ಬೇಸಿಗೆಯಲ್ಲಿ ಆಗ್ರಾದ ದ್ರಾಕ್ಷಿಯೂ ಕರಬೂಜವೂ ಫಲ ಕೊಟ್ಟವು. ಹಿಂದೂಸ್ತಾನದಲ್ಲಿ ಇವು ಬೆಳೆದದ್ದರಿಂದ ತನಗೆ ಪೂರ್ಣ ತೃಪ್ತಿಯಾಯಿತೆಂದು ಆತ ಬರೆದ. ಪಾಣಿಪತ್ ಆತನಿಗೆ ರಾಜ್ಯ ಕೊಟ್ಟಿತು. ಈ ನೆಲದಲ್ಲಿ ಮನೆಯ ನೆಮ್ಮದಿ ಕೊಟ್ಟದ್ದು ಕರಬೂಜದ ಬಳ್ಳಿ.

ಮಗಳು ಕಂಡ ಬಾಬರ್

ಬಾಬರನ ಮಗಳು ಗುಲ್ಬದನ್ ಬೇಗಂ ಮುಂದೆ 'ಹುಮಾಯೂನ್‌ನಾಮಾ' ಬರೆದಳು. ಅದರಲ್ಲಿ ಮನೆಯೊಳಗಿನ ಬಾಬರ್ ಕಾಣುತ್ತಾನೆ. ಸಿಕ್ರಿಯ ತೋಟದಲ್ಲಿ ಕುಳಿತು ಪುಸ್ತಕ ಬರೆಯಲೆಂದೇ ಆತ ಒಂದು ಜಾಗ ಕಟ್ಟಿಸಿಕೊಂಡಿದ್ದ. ಸೋದರತ್ತೆಯರು ತಮ್ಮ ಮನೆಗಳಲ್ಲಿ ಯಾವ ಕೆಲಸ ಮಾಡಿಸಬೇಕೆಂದರೂ, ಅದೆಷ್ಟೇ ದೊಡ್ಡದಾಗಿದ್ದರೂ, ಉಳಿದೆಲ್ಲದಕ್ಕಿಂತ ಮೊದಲು ಅದನ್ನೇ ಮಾಡಿಕೊಡಬೇಕೆಂದು ಶಿಲ್ಪಿ ಖ್ವಾಜಾ ಖಾಸಿಮನಿಗೆ ಅಪ್ಪಣೆ ಕೊಟ್ಟಿದ್ದ. ಮನೆ ಹೇಗಿರಬೇಕೆಂದು ಹೇಳುವ ಹಕ್ಕು ಅದರಲ್ಲಿ ಬಾಳುವ ಹೆಂಗಸರಿಗಿದೆಯೆಂದು ಒಪ್ಪಿದ ಮಾತಿದು. ಇಂದಿಗೂ ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಕಟ್ಟೆಯ ಎತ್ತರವನ್ನು ಅಡುಗೆ ಮಾಡದವರೇ ತೀರ್ಮಾನಿಸುತ್ತಾರೆ!

ಧೋಲ್‌ಪುರದಲ್ಲಿ ಒಂದೇ ಬಂಡೆಯನ್ನು ಕೊರೆದು ಹತ್ತಕ್ಕೆ ಹತ್ತರ ಕೊಳ ಮಾಡಿಸಿದಾಗ, ಮುಗಿದ ಮೇಲೆ ಮದ್ಯ ತುಂಬಿಸುವೆನೆಂದು ಬಾಬರ್ ಹೇಳುತ್ತಿದ್ದನಂತೆ. 1527ರಲ್ಲಿ ರಾಣಾ ಸಂಗನೊಡನೆ ಯುದ್ಧಕ್ಕೆ ಮುನ್ನ ಮದ್ಯ ಬಿಟ್ಟುಬಿಟ್ಟಿದ್ದರಿಂದ ಕೊನೆಗೆ ಕೊಳಕ್ಕೆ ಲಿಂಬೆ ಶರಬತ್ತು ತುಂಬಿಸಿದ. ಆಳಿಕೆಯಿಂದ ಮನಸ್ಸು ದಣಿದಿದೆ, ರಾಜ್ಯವನ್ನು ಹುಮಾಯೂನನಿಗೆ ಒಪ್ಪಿಸಿ ತೋಟವೊಂದರಲ್ಲಿ ಇದ್ದುಬಿಡುವೆ, ನೀರು ಕೊಡಲು ತಾಹಿರ್ ಒಬ್ಬನಿದ್ದರೆ ಸಾಕು ಎಂದು ಹೇಳಿದ್ದನ್ನೂ ಗುಲ್ಬದನ್ ನೆನೆಯುತ್ತಾಳೆ. ಆ ಆಸೆ ಈಡೇರಲಿಲ್ಲ. 1530ರ ಡಿಸೆಂಬರಿನಲ್ಲಿ 47ರ ವಯಸ್ಸಿನಲ್ಲಿ ಆಗ್ರಾದಲ್ಲಿ ತೀರಿಕೊಂಡ. ಕೆಲವು ವರ್ಷಗಳ ಬಳಿಕ ಆತನ ದೇಹವನ್ನು ಕಾಬೂಲಿಗೆ ಒಯ್ದು ಅಲ್ಲಿನ ತೋಟದಲ್ಲಿ ದಫನ ಮಾಡಲಾಯಿತು.

ಹಗ್ಗದ ಇನ್ನೊಂದು ತುದಿ

ಇಷ್ಟು ಓದಿದ ಮೇಲೆ ಬಾಬರನನ್ನು ಸಂತನನ್ನಾಗಿ ಮಾಡಬೇಕಾಗಿಲ್ಲ. ಯುದ್ಧದ ಬಳಿಕ ಶತ್ರುಗಳ ತಲೆಬುರುಡೆಯ ಗೋಪುರ ಕಟ್ಟಿಸಿದವನೂ ಆತನೇ. ಗ್ವಾಲಿಯರಿನ ಕಣಗಿಲೆ ಮೆಚ್ಚಿದ ಅದೇ ಪ್ರವಾಸದಲ್ಲಿ ಅಲ್ಲಿನ ಉರ್ವಾಹಿ ಕಣಿವೆಯ ಜೈನ ಶಿಲ್ಪಗಳನ್ನು ಕೆಡಿಸಲು ಆತ ಆಜ್ಞೆ ಕೊಟ್ಟದ್ದೂ ಆತನದೇ ಬರಹದಲ್ಲಿದೆ. ಹೂವನ್ನು ಪ್ರೀತಿಸುವವನು ಇನ್ನೊಬ್ಬರ ಶ್ರದ್ಧೆಯನ್ನೂ ಪ್ರೀತಿಸುತ್ತಾನೆಂಬ ಖಾತರಿ ಇಲ್ಲ. ಚರಿತ್ರೆಯನ್ನು ಪ್ರಾಮಾಣಿಕವಾಗಿ ಓದುವುದೆಂದರೆ ಕಣಗಿಲೆಯನ್ನೂ ಆ ಒಡೆದ ಮುಖಗಳನ್ನೂ ಒಟ್ಟಿಗೆ ನೋಡುವುದು.

ಇನ್ನೊಂದು ಪ್ರಶ್ನೆಯನ್ನೂ ಕೇಳಲೇಬೇಕು. ಈ ಸಂತೋಷಕ್ಕೆ ಬೆವರು ಸುರಿಸಿದವರು ಯಾರು? ಉತ್ತರ ಬಾಬರನ ಪುಸ್ತಕದಲ್ಲೇ ಇದೆ. ಆಗ್ರಾದಲ್ಲಿ ತನ್ನ ಕಟ್ಟಡಗಳಿಗೆ ಅಲ್ಲಿನವರೇ ಆದ 680 ಕಲ್ಲುಕುಟಿಗರು ದಿನವೂ ದುಡಿಯುತ್ತಿದ್ದರು; ಆಗ್ರಾ, ಸಿಕ್ರಿ, ಬಯಾನಾ, ಧೋಲ್‌ಪುರ, ಗ್ವಾಲಿಯರ್, ಕೋಯಿಲ್‌ಗಳಲ್ಲಿ ಒಟ್ಟು 1,491 ಕಲ್ಲುಕುಟಿಗರು ಎಂದು ಹೆಮ್ಮೆಯಿಂದ ಲೆಕ್ಕ ಕೊಡುತ್ತಾನೆ. ಹಿಂದೂಸ್ತಾನದಲ್ಲಿ ಪ್ರತಿಯೊಂದು ಕಸುಬಿಗೂ ಎಣಿಕೆಯಿಲ್ಲದಷ್ಟು ಕೆಲಸಗಾರರಿದ್ದಾರೆ, ಅದು ಈ ದೇಶದ ದೊಡ್ಡ ಗುಣವೆಂದೂ ಮೆಚ್ಚುತ್ತಾನೆ. ಧೋಲ್‌ಪುರದ ಬಂಡೆಯ ಕೆಲಸ ವಹಿಸಿಕೊಂಡ ಉಸ್ತಾದ್ ಶಾ ಮುಹಮ್ಮದನಂಥ ಕೆಲವರ ಹೆಸರು ಉಳಿದಿದೆ. ಉಳಿದವರು ಬರೀ ಸಂಖ್ಯೆಯಾಗಿ ಉಳಿದರು. ಆದರೆ ಅವರ ಉಳಿಯ ಗುರುತು ಅಳಿದಿಲ್ಲ. ಧೋಲ್‌ಪುರದ ಬಳಿ ಝೋರ್ ಎಂಬ ಹಳ್ಳಿಯಲ್ಲಿ ಬಾಬರನ 'ಬಾಗೆ ನೀಲೂಫರ್' ಎಂಬ ತಾವರೆ ತೋಟದ ಬಂಡೆಯ ಕೊಳಗಳನ್ನು 1978ರಲ್ಲಿ ಎಲಿಝಬೆತ್ ಮೊಯ್ನಿಹಾನ್ ಎಂಬ ಅಮೆರಿಕನ್ ಮಹಿಳೆ ಗುರುತಿಸಿದರು. ನಾಲ್ಕೂವರೆ ಶತಮಾನದ ಬಳಿಕವೂ ಆ ಕಲ್ಲಿನ ಕೆತ್ತನೆ ಕಣ್ಣಿಗೆ ಕಾಣುವಂತಿತ್ತು.

1590ರ ಸುಮಾರಿಗೆ ಅಕ್ಬರನ ಚಿತ್ರಶಾಲೆಯಲ್ಲಿ ಬಿಷನ್‌ದಾಸ್ ಮತ್ತು ನನ್ಹಾ ಸೇರಿ 'ಬಾಗೆ ವಫಾ'ದ ಚಿತ್ರ ಬರೆದರು. ಅದು ಈಗ ಲಂಡನ್ನಿನ ವಸ್ತುಸಂಗ್ರಹಾಲಯವೊಂದರಲ್ಲಿದೆ. ಅದರಲ್ಲಿ ಬಾಬರ್ ನಿಂತು ಕೈತೋರಿಸಿ ಹೇಳುತ್ತಿದ್ದಾನೆ. ಒಬ್ಬ ಚೌಕುಳಿ ಗೆರೆಗಳ ನಕ್ಷೆ ಹಿಡಿದಿದ್ದಾನೆ. ಇಬ್ಬರು ಕೆಲಸಗಾರರು ಪಾತಿಯ ಅಳತೆಗೆ ಹಗ್ಗ ಎಳೆದು ಹಿಡಿದಿದ್ದಾರೆ. ಚಿತ್ರಕಾರರಿಗೆ ಕಂಡ ಈ ಹಗ್ಗ ಹಿಡಿದವರು ನಮ್ಮ ಚರಿತ್ರೆಕಾರರ ಕಣ್ಣಿಗೆ ಬೀಳಲು ಬಹಳ ಕಾಲ ಬೇಕಾಯಿತು.

ಆ ಹಗ್ಗ ನಮ್ಮ ನಾಡಿಗೂ ಬಂತು

ಬಾಬರ್ ಕನ್ನಡ ನಾಡನ್ನು ಕಂಡವನಲ್ಲ. ಹಿಂದೂಸ್ತಾನದ ದೊರೆಗಳನ್ನು ಎಣಿಸುವಾಗ ದಕ್ಖನಿನ ಬಹಮನಿಗಳ ಹೆಸರು ಹೇಳುತ್ತಾನೆ. ಹಿಂದೂ ಅರಸರಲ್ಲಿ ನೆಲ ಮತ್ತು ಸೈನ್ಯದಲ್ಲಿ ವಿಜಯನಗರದ ರಾಯನೇ ದೊಡ್ಡವನೆನ್ನುತ್ತಾನೆ. ಅದು ಕೃಷ್ಣದೇವರಾಯನ ಕಾಲ. 1687ರ ಬಳಿಕ ಸಿರಾ ಮೊಗಲರ ಸುಬಾ ಕೇಂದ್ರವಾದಾಗ ಚೌಕಪಾತಿಯ ತೋಟಗಾರಿಕೆ ನಮ್ಮ ನಾಡಿಗೂ ಬಂತು. 1760ರಲ್ಲಿ ಹೈದರಲಿ ಬೆಂಗಳೂರಿನಲ್ಲಿ ಲಾಲ್‌ಬಾಗ್ ಆರಂಭಿಸಿದ, ಟಿಪ್ಪು ಹೊರನಾಡುಗಳಿಂದ ಸಸಿ-ಬೀಜ ತರಿಸಿ ಬೆಳೆಸಿದ. 1800ರಲ್ಲಿ ಬೆಂಗಳೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೋಟಗಳ ಚೌಕಗಳನ್ನು, ದಾರಿಯ ಬದಿಯ ಸೈಪ್ರೆಸ್ ಮರಗಳನ್ನು, ಒಂದು ಚೌಕದಲ್ಲಿ ಬರೀ ಗುಲಾಬಿ ಇನ್ನೊಂದರಲ್ಲಿ ಬರೀ ದಾಳಿಂಬೆ ಎಂಬ ಕ್ರಮವನ್ನು ವರ್ಣಿಸಿದ್ದಾನೆ. ಒಬ್ಬ ಊರು ಕಳಕೊಂಡವನ ಹವ್ಯಾಸ ಹೀಗೆ ಹಲವು ಕೈ ದಾಟಿ, ಇಂದು ಟಿಕೆಟು ಕೊಂಡು ಯಾರೂ ಒಳಗೆ ಹೋಗಬಹುದಾದ ಸಾರ್ವಜನಿಕ ಸಂತೋಷವಾಗಿದೆ.

ಇರುವ ಜಾಗವನ್ನು ದೂರುತ್ತಾ ಕೂರುವುದು ಸುಲಭ. ಖ್ವಾಜಾ ಕಲಾನ್ ಗೋಡೆಯ ಮೇಲೆ ಬರೆದು ಹೋದ, ಬಾಬರ್ ಬಾವಿ ತೋಡಿಸಿ ಉಳಿದ. ಒಂದು ಊರು ಯಾರದು ಎಂಬ ಪ್ರಶ್ನೆಗೆ ದಾಖಲೆಗಳಲ್ಲಿ ಉತ್ತರ ಹುಡುಕುವ ಕಾಲವಿದು. ಅಲ್ಲಿ ಬಾವಿ ತೋಡಿದವರು, ಗಿಡ ನೆಟ್ಟವರು, ಕಲ್ಲು ಕಡಿದವರು ಎಲ್ಲರಿಗೂ ಅದರಲ್ಲಿ ಪಾಲಿದೆಯೆಂಬ ಉತ್ತರವೊಂದು ಚರಿತ್ರೆಯಲ್ಲಿದೆ. ನಾವು ಹೊಸ ಮನೆ ಕಟ್ಟಿದಾಗ ಗೇಟಿನ ಮೇಲೆ ಮನೆಯ ಹೆಸರು ಬರೆಸುತ್ತೇವೆ, ಇಸವಿ ಬರೆಸುತ್ತೇವೆ. ಆ ಗೋಡೆಗೆ ನೂಲು ಹಿಡಿದ ಮೇಸ್ತ್ರಿಯ ಹೆಸರು ನಮ್ಮ ಮಕ್ಕಳಿಗಾದರೂ ಗೊತ್ತಿರಲಿ.