ಗಾಂಜಾ ಸುಂಕ ಮತ್ತು ನೌಗಾಂವ್‌ನ ಬೆಳೆಗಾರರು

ಗಾಂಜಾಕ್ಕೆ ಶಾಸನದ ಸಮ್ಮತಿ ದೊರೆತರೆ ಆರ್ಥಿಕವಾಗಿ ಏನಾಗುವುದೆಂಬ ಚರ್ಚೆ, 2014ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಅದರ ಬಹಿರಂಗ ಮಾರಾಟ ಆರಂಭವಾದಂದಿನಿಂದ ಬಲಗೊಂಡಿದೆ. ಬಂಗಾಳದ ಇತಿಹಾಸ ಇದೇ ಪ್ರಶ್ನೆಯನ್ನು ಬಹು ಹಿಂದೆಯೇ ಎದುರಿಸಿತ್ತೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಜಶಾಹಿ ಜಿಲ್ಲೆಯ ನೌಗಾಂವ್ ಸೀಮೆಯು ಬಂಗಾಳದ ಗಾಂಜಾ ಬೆಳೆಯ ನೆಲೆಯಾಗಿದ್ದಿತು. ರೈತನು ಪರವಾನಗಿ ಪಡೆದು ಬೆಳೆಯಬೇಕು. ಬೆಳೆದುದನ್ನು ಸರ್ಕಾರದ ಮೇಲ್ವಿಚಾರಣೆಯ ಉಗ್ರಾಣದಲ್ಲಿರಿಸಬೇಕು. ಸುಂಕ ತೆತ್ತ ಮೇಲೆಯೇ ಮಾಲು ಹೊರಬೀಳಬೇಕು. ಚಿಲ್ಲರೆ ಅಂಗಡಿಯ ಹಕ್ಕಿಗೂ ಪ್ರತ್ಯೇಕ ಶುಲ್ಕವಿದ್ದಿತು. ಹೀಗೆ ಒಂದೇ ಬೆಳೆಯಿಂದ ಬೊಕ್ಕಸಕ್ಕೆ ಎರಡು ದಾರಿಗಳಲ್ಲಿ ಹಣ ಹರಿಯುತ್ತಿದ್ದಿತು.

1893ರಲ್ಲಿ ನೇಮಕಗೊಂಡ ಇಂಡಿಯನ್ ಹೆಂಪ್ ಡ್ರಗ್ಸ್ ಆಯೋಗವು ಸುಮಾರು 1,200 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ಸಂಪೂರ್ಣ ನಿಷೇಧವು ಅವಶ್ಯವೂ ಅಲ್ಲ, ಉಚಿತವೂ ಅಲ್ಲವೆಂದು 1894ರಲ್ಲಿ ವರದಿ ಮಾಡಿತು. ನಿಷೇಧಿಸಿದರೆ ಜನರು ಇನ್ನೂ ಕೇಡಿನ ಮಾದಕಗಳತ್ತ ತಿರುಗಬಹುದೆಂಬುದು ಅದರ ಆತಂಕ. ತೆರಿಗೆಯು ಸೇವನೆಯನ್ನು ತಗ್ಗಿಸುವಷ್ಟು ಭಾರವಾಗಿರಬೇಕು, ಆದರೆ ಕಳ್ಳಸಾಗಣೆಗೆ ಎಡೆಗೊಡುವಷ್ಟು ಭಾರವಾಗಬಾರದು. ಈ ಸಮತೋಲವೇ ಆ ನೀತಿಯ ತಿರುಳು.

ಆದರೆ ಆ ವ್ಯವಸ್ಥೆ ಬೊಕ್ಕಸವನ್ನು ಕಾಯ್ದಂತೆ ಬೆಳೆಗಾರನನ್ನು ಕಾಯಲಿಲ್ಲ. ಲಾಭದ ದೊಡ್ಡ ಪಾಲು ದಲ್ಲಾಳಿಗಳಿಗೆ ಸೇರುತ್ತಿದ್ದುದರಿಂದಲೇ ರೈತರು 1917ರಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಅನಂತರ ಸಂಘದ ಲಾಭದಿಂದ ಶಾಲೆ, ಆಸ್ಪತ್ರೆ, ರಸ್ತೆಗಳು ಆದವು. ಬಾಂಗ್ಲಾದೇಶದಲ್ಲಿ ಈ ಕೃಷಿ 1987ರಲ್ಲಿ ನಿಷೇಧಕ್ಕೊಳಗಾಯಿತು.

ಶಾಸನದ ಸಮ್ಮತಿಯು ಸಂಪತ್ತನ್ನು ಬೆಳಕಿಗೆ ತರಬಲ್ಲುದು. ಅದನ್ನು ಹಂಚುವ ಕೆಲಸ ಉಗ್ರಾಣದ ಕೀಲಿ ಯಾರ ಕೈಯಲ್ಲಿದೆಯೆಂಬುದನ್ನು ಅವಲಂಬಿಸಿದೆಯೆಂದು ನಮ್ಮ ಅಭಿಪ್ರಾಯ.