ಏಳು ಮಾಸ್ತರರು, ಒಂದು ಮೃತ್ಯುಪತ್ರ

ಸವದತ್ತಿ ಸೀಮೆಯ ಶಿರಸಂಗಿ ದೇಸಗತಿಯ ಲಿಂಗರಾಜರು 1906ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಅವರ ಆಸ್ತಿಗೆ ವಾರಸುದಾರರಾಗಿ ಬಂದವರು ಶಾಲೆಯ ಮಕ್ಕಳು. ಹೊಲ, ಮನೆ, ಉತ್ಪನ್ನವೆಲ್ಲ ಬಡ ವಿದ್ಯಾರ್ಥಿಗಳ ಓದಿಗೆ ಸಲ್ಲಬೇಕೆಂದು ಅವರು ಅದೇ ವರ್ಷ ಮೃತ್ಯುಪತ್ರ ಬರೆದಿಟ್ಟಿದ್ದರು. ದೇಸಗತಿ ಉಳಿಸಿಕೊಳ್ಳಲು ಮೇಲಿಂದ ಮೇಲೆ ದತ್ತಕ ತೆಗೆದುಕೊಳ್ಳುತ್ತಿದ್ದ ಕಾಲವದು. ಆ ನಾಡಿನಲ್ಲಿ ಇಂಥ ನಿರ್ಧಾರ ಸಣ್ಣದೇನಲ್ಲ. ನೆರವು ಮುಖ್ಯವಾಗಿ ತಮ್ಮ ಸಮಾಜದ ಹುಡುಗರಿಗೆಂಬ ಮಿತಿ ಅದಕ್ಕಿತ್ತು ಎಂಬುದನ್ನೂ ಹೇಳಲೇಬೇಕು. ಅಂದಿನ ವಿದ್ಯಾದಾನಗಳೆಲ್ಲ ಬಹುಮಟ್ಟಿಗೆ ಹಾಗೆಯೇ ಇದ್ದವು.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯಲ್ಲಿ ಹೈಸ್ಕೂಲುಗಳಿದ್ದವು, ಕಾಲೇಜು ಇರಲಿಲ್ಲ. ಮ್ಯಾಟ್ರಿಕ್ ದಾಟಿದ ಹುಡುಗ 1880ರಲ್ಲಿ ಆರಂಭವಾದ ಕೊಲ್ಹಾಪುರದ ರಾಜಾರಾಮ ಕಾಲೇಜಿಗೋ, ಪುಣೆಯ ಫರ್ಗ್ಯುಸನ್‌ಗೋ ಹೋಗಬೇಕು. ಧಾರವಾಡದ ಕರ್ನಾಟಕ ಕಾಲೇಜು ತೆರೆದದ್ದು 1917ರಲ್ಲಿ. ಗೋಕಾಕ ಅಥವಾ ಖಾನಾಪುರದ ಒಕ್ಕಲಿಗನೊಬ್ಬ ಮಗನನ್ನು ಪರಊರಿನಲ್ಲಿಟ್ಟು ಓದಿಸುವುದೆಂದರೆ ಒಂದು ಜೋಡಿ ಎತ್ತು ಮಾರಿದರೂ ಸಾಲದ ಮಾತು.

ಈ ಕೊರತೆಗೆ ಉತ್ತರ ಹುಡುಕಿದವರು ಏಳು ಮಂದಿ ತರುಣರು. ಬಸವನಾಳ, ಸಾಖರೆ, ಕಟ್ಟೀಮನಿ ಮೊದಲಾದ ಅವರು 1916ರ ನವೆಂಬರ್ 13ರಂದು ಬೆಳಗಾವಿಯಲ್ಲಿ ಒಂದು ಆಂಗ್ಲೋ ವರ್ನಾಕ್ಯುಲರ್ ಶಾಲೆ ತೆರೆದರು. ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಇಂದಿನ ಕೆ.ಎಲ್.ಇ. ಸಂಸ್ಥೆ, ಹುಟ್ಟಿದ್ದು ಹೀಗೆ. ಜನ ಅವರನ್ನು ‘ಸಪ್ತರ್ಷಿಗಳು’ ಎಂದು ಕರೆದರು. ಕಣ್ಣೆದುರಿಗಿದ್ದ ಮಾದರಿ ಪುಣೆಯದು. ಅಲ್ಲಿ 1884ರಲ್ಲಿ ತಿಲಕ, ಆಗರಕರ ಮೊದಲಾದವರು ಡೆಕ್ಕನ್ ಎಜ್ಯುಕೇಶನ್ ಸೊಸೈಟಿ ಕಟ್ಟಿ, ಶಿಕ್ಷಕರೇ ಆಜೀವ ಸದಸ್ಯರಾಗಿ ಅಲ್ಪ ವೇತನದಲ್ಲಿ ದುಡಿಯುವ ಪದ್ಧತಿ ಹಾಕಿದ್ದರು. ಮುಂದಾಳುತನವನ್ನು ಪಾಠವಾಗಿ ಯಾರೂ ಬೋಧಿಸಲಿಲ್ಲ. ಹುಡುಗರು ಅದನ್ನು ದಿನವೂ ಎದುರಿಗೆ ನಿಂತ ಮಾಸ್ತರರಲ್ಲಿ ಕಂಡರು, ಅಷ್ಟೇ. ಹುಡುಗರು ಎಂದೇ ಬರೆಯಬೇಕಾಗಿದೆ. ಹುಡುಗಿಯರು ಆ ಬೆಂಚುಗಳಿಗೆ ಬರಲು ಇನ್ನೂ ಕಾಲ ಹಿಡಿಯಿತು.

ವಿಜ್ಞಾನದ ವಿಷಯ ಬಂದಾಗ ಮಾಸ್ತರರ ತ್ಯಾಗವೊಂದೇ ಸಾಲುವುದಿಲ್ಲ. ಇತಿಹಾಸಕ್ಕೆ ಕರಿಹಲಗೆ, ಸುಣ್ಣದ ಕಡ್ಡಿ ಇದ್ದರೆ ಆಯಿತು. ರಸಾಯನಶಾಸ್ತ್ರಕ್ಕೆ ತಕ್ಕಡಿ, ಗಾಜಿನ ನಳಿಕೆ, ಆಮ್ಲ, ನೀರಿನ ನಲ್ಲಿ ಬೇಕು. ಜೀವಶಾಸ್ತ್ರಕ್ಕೆ ಸೂಕ್ಷ್ಮದರ್ಶಕ ಬೇಕು. ಒಡೆದದ್ದನ್ನು ಮತ್ತೆ ಕೊಳ್ಳಬೇಕು. ದೇಸಾಯಿಗಳ ಹಣ ಇಲ್ಲಿ ಕೆಲಸಕ್ಕೆ ಬಂತು. ಬೆಳಗಾವಿಯಲ್ಲಿ ಸಂಸ್ಥೆ 1933ರಲ್ಲಿ ತೆರೆದ ಕಾಲೇಜು ಲಿಂಗರಾಜರ ಹೆಸರು ಪಡೆಯಿತು. ಅದರ ವಿಜ್ಞಾನ ಕಾಲೇಜು ವಂಟಮುರಿಯ ರಾಜಾ ಲಖಮಗೌಡರ ಹೆಸರಿನಲ್ಲಿದೆ. (ಹಿಡಕಲ್ಲಿನಲ್ಲಿ ಘಟಪ್ರಭೆಗೆ ಕಟ್ಟಿದ ಜಲಾಶಯಕ್ಕೂ ಇದೇ ಲಖಮಗೌಡರ ಹೆಸರು.) ಹುಬ್ಬಳ್ಳಿಯಲ್ಲಿ 1947ರಲ್ಲಿ ಭೂಮರಡ್ಡಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು, ಬೆಳಗಾವಿಯಲ್ಲಿ 1963ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಹೊಲದ ಗೇಣಿ ಪ್ರಯೋಗಶಾಲೆಯ ಗಾಜಾದ ಕಥೆ ಇದು.

ಊಟ, ವಸತಿಯ ಪ್ರಶ್ನೆ ಬೇರೆಯೇ ಇತ್ತು. ನಾಗನೂರು ರುದ್ರಾಕ್ಷಿಮಠದ ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ನಡೆಸಿದ ಉಚಿತ ಪ್ರಸಾದ ನಿಲಯ ಇಲ್ಲದಿದ್ದರೆ ಎಷ್ಟೋ ಹಳ್ಳಿಯ ಹುಡುಗರಿಗೆ ಕಾಲೇಜಿನ ಬಾಗಿಲು ಕಾಣುತ್ತಿರಲಿಲ್ಲ.

ಇದೇ ಜಿಲ್ಲೆಯ ಒಂದು ಹಳ್ಳಿಯ ಹುಡುಗ ಎಲ್ಲಿಯವರೆಗೆ ಹೋಗಬಲ್ಲ ಎಂಬುದಕ್ಕೆ ಗೋಕಾಕ ತಾಲ್ಲೂಕು ಮಮದಾಪುರದ ಡಿ.ಸಿ. ಪಾವಟೆಯವರೇ ಸಾಕ್ಷಿ. ಅವರು ಹುಟ್ಟಿದ್ದು 1899ರಲ್ಲಿ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರಿಗೆ ‘ರ್‍ಯಾಂಗ್ಲರ್’ ಎಂಬ ಹೆಸರು. ಪುಣೆಯ ರಘುನಾಥ ಪರಾಂಜಪೆ ಅದೇ 1899ರಲ್ಲಿ ಸೀನಿಯರ್ ರ್‍ಯಾಂಗ್ಲರ್ ಆಗಿ, ಮುಂದೆ ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾದರು. ಪಾವಟೆ 1927ರಲ್ಲಿ ರ್‍ಯಾಂಗ್ಲರ್ ಆಗಿ ಸ್ವದೇಶಕ್ಕೆ ಮರಳಿದರು. 1947ರಿಂದ 1954ರವರೆಗೆ ಮುಂಬಯಿ ರಾಜ್ಯದ ಸಾರ್ವಜನಿಕ ಶಿಕ್ಷಣ ನಿರ್ದೇಶಕರಾಗಿದ್ದರು. ಹಳ್ಳಿಯ ಪ್ರಾಥಮಿಕ ಶಾಲೆಯಿಂದ ಹೈಸ್ಕೂಲಿನ ತಪಾಸಣೆಯವರೆಗೆ ಎಲ್ಲವೂ ಆ ಹುದ್ದೆಯ ಕೆಳಗೆ ಬರುತ್ತಿತ್ತು. ಬಳಿಕ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿ ಧಾರವಾಡದ ಗುಡ್ಡದ ಮೇಲೆ ವಿಜ್ಞಾನ ವಿಭಾಗಗಳನ್ನು ಬೆಳೆಸಿದರು. ನಂತರ ಪಂಜಾಬಿನ ರಾಜ್ಯಪಾಲರಾದರು. ಗಣಿತಜ್ಞನೊಬ್ಬ ಆಡಳಿತಕ್ಕೆ ಹೋದದ್ದು ಗಣಿತಕ್ಕೆ ನಷ್ಟವೆನ್ನುವವರು ಇರಬಹುದು. ಆದರೆ ಶಾಲೆಗಳಿಗೆ ಅದು ನಷ್ಟವಾಗಲಿಲ್ಲ.

ಕೇಂಬ್ರಿಜ್‌ನ ಇದೇ ಗಣಿತ ಪರಂಪರೆಯಿಂದ ಇನ್ನೊಂದು ಎಳೆ ಆಫ್ರಿಕಾಕ್ಕೂ ಹೋಗಿದೆ. ಅಲ್ಲಿ ಪ್ರಾಧ್ಯಾಪಕರಾಗಿದ್ದ, ದಕ್ಷಿಣ ಆಫ್ರಿಕಾದಲ್ಲಿ ಜನಿಸಿದ ನೀಲ್ ಟುರಾಕ್ 2003ರಲ್ಲಿ ಕೇಪ್‌ಟೌನ್ ಬಳಿಯ ಮ್ಯೂಜೆನ್‌ಬರ್ಗ್‌ನಲ್ಲಿ ಗಣಿತ ವಿಜ್ಞಾನದ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಹಳೆಯ ಹೋಟೆಲ್ ಕಟ್ಟಡದಲ್ಲಿ, ಖಂಡದ ಬೇರೆ ಬೇರೆ ದೇಶಗಳಿಂದ ಬಂದ ಪದವೀಧರರು ಅಧ್ಯಾಪಕರೊಂದಿಗೆ ಒಂದೇ ಸೂರಿನಡಿ ಇದ್ದು, ಉಂಡು, ಕಲಿಯುವ ವ್ಯವಸ್ಥೆ. 2008ರಲ್ಲಿ ಜೊಹಾನ್ಸ್‌ಬರ್ಗ್ ಬಳಿ ಆರಂಭವಾದ ಆಫ್ರಿಕನ್ ಲೀಡರ್‌ಶಿಪ್ ಅಕಾಡೆಮಿಯಲ್ಲಿ ಹದಿನಾರರಿಂದ ಹತ್ತೊಂಬತ್ತರ ವಯಸ್ಸಿನವರಿಗೆ ಎರಡು ವರ್ಷದ ವಸತಿ ಶಿಕ್ಷಣವಿದೆ. ಅಲ್ಲಿಯೂ ಪಾಠದಷ್ಟೇ ತೂಕ ಊಟ, ವಸತಿ, ಒಡನಾಟಗಳಿಗೆ.

ಬೆಳಗಾವಿಯಲ್ಲಿ ಇಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ (1998), ರಾಣಿ ಚನ್ನಮ್ಮ ವಿಶ್ವವಿದ್ಯಾಲಯವಿದೆ (2010). ಅಲ್ಲಿಂದ ದಕ್ಷಿಣಕ್ಕೆ ಹೊರಟು ಖಾನಾಪುರ, ಜಾಂಬೋಟಿ ದಾಟಿದರೆ 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಕಾಡು. ಒಳಗಿನ ಹಳ್ಳಿಗಳಿಗೆ ಮಳೆಗಾಲದಲ್ಲಿ ಹಳ್ಳ ತುಂಬಿದರೆ ಹಾದಿಯೇ ಇಲ್ಲ. ಅಲ್ಲಿಯ ಮಗು ಹೈಸ್ಕೂಲಿನ ವಿಜ್ಞಾನದ ಕೋಣೆಗೆ ತಲುಪುವುದು ಇಂದಿಗೂ ಹೊರಗಿನ ಊರಿನಲ್ಲಿ ಉಳಿಯಲು ಒಂದು ಜಾಗ ಸಿಕ್ಕರೆ ಮಾತ್ರ.