ಕಡತದ ವಿಳಾಸ: ಬೆಂಗಳೂರಿನ ಬಡಾವಣೆಗಳಿಂದ ಗಣಕದ ಹಾದಿಗಳವರೆಗೆ

ಒಂದು ಸಂಗ್ರಹದ ಬೆಲೆಯು ಅದರಲ್ಲಿರುವ ವಸ್ತುಗಳಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಬೇಕಾದ ವಸ್ತುವನ್ನು ಬೇಕಾದಾಗ ಹುಡುಕಿ ತೆಗೆಯಲು ಇರುವ ಅನುಕೂಲದಿಂದಲೂ ನಿರ್ಧಾರವಾಗುತ್ತದೆ. ಜನಪದ ಗೀತೆ, ಕಥೆ, ಮಹಾಕಾವ್ಯಗಳ ಧ್ವನಿಮುದ್ರಣಗಳು ಸುರುಳಿಗಳಿಂದ ಗಣಕದ ಕಡತಗಳಿಗೆ ವರ್ಗಾವಣೆಗೊಂಡ ಮೇಲೆ ಈ ಮಾತಿಗೆ ಹೊಸ ತೂಕ ಬಂದಿದೆ. ಕ್ಯಾಸೆಟ್ಟಿನ ಮೈಮೇಲೆ ಹಾಡುಗಾರರ ಹೆಸರು, ಊರು, ದಿನಾಂಕಗಳ ಚೀಟಿಯನ್ನು ಅಂಟಿಸಬಹುದಾಗಿತ್ತು. ಅದು ಯಾವ ಕಪಾಟಿನಲ್ಲಿದ್ದರೂ ತನ್ನ ಗುರುತನ್ನು ತಾನೇ ಹೇಳುತ್ತಿತ್ತು. ಗಣಕದ ಕಡತಕ್ಕೆ ಅಂಥ ಮೈಯಿಲ್ಲ. ಹುಡುಕುವವನಿಗೆ ಸಿಗುವುದು ಅದರ ಹೆಸರು ಮತ್ತು ಅದನ್ನು ತಲುಪುವ ಹಾದಿ. ಆ ಹಾದಿ ಒಂದೇ ಯಂತ್ರದಲ್ಲಿ ಸಲ್ಲುವಂತಿದ್ದರೆ, ಯಂತ್ರ ಬದಲಾದ ದಿನ ಧ್ವನಿಯು ಇದ್ದೂ ಇಲ್ಲದಂತಾಗುತ್ತದೆ. ಒಂದು ಕಾರ್ಯಾಚರಣ ವ್ಯವಸ್ಥೆಯಿಂದ ಮತ್ತೊಂದಕ್ಕೆ ಹೋದಾಗಲೂ ಕೆಡದಂತೆ ಕಡತದ ಹಾದಿಯನ್ನು ಬರೆಯುವ ಸಮಸ್ಯೆಯ ಚರಿತ್ರೆಯನ್ನು, ಅದು ಕನ್ನಡದಲ್ಲಿ ತಳೆದ ವಿಶೇಷ ರೂಪದೊಂದಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಡತ ಎಂಬ ಶಬ್ದವೇ ಇಲ್ಲಿ ಗಮನಾರ್ಹ. ಹುಣಸೆ ಬೀಜದ ಅಂಟು ಮತ್ತು ಇದ್ದಿಲಿನ ಪುಡಿಯನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕರ್ನಾಟಕದಲ್ಲಿ ಕಡತವೆಂಬ ಹೆಸರಿತ್ತು. ಅದು ಸರಕಾರಿ ಕಚೇರಿಯ ಕಾಗದದ ಕಟ್ಟಿಗೆ, ಅನಂತರ ಗಣಕದ ದಾಖಲೆಗೆ ಸಂದಿತು. ವಸ್ತು ಎರಡು ಸಲ ಬದಲಾದರೂ ಶಬ್ದ ಉಳಿಯಿತು. ವಿಳಾಸಕ್ಕೂ ಇಂಥದೇ ಬಾಳಿಕೆ ಬೇಕು.

ಪೇಟೆಯ ಗುರುತು, ಬಡಾವಣೆಯ ವಿಳಾಸ

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಸ್ಥಳದ ಗುರುತು ಕಸುಬಿನೊಂದಿಗೆ ಬೆಸೆದುಕೊಂಡಿತ್ತು. ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ ಎಂಬ ಹೆಸರುಗಳು ಅಲ್ಲಿ ಮಾರುವ ಸರಕನ್ನು ಸೂಚಿಸುತ್ತಿದ್ದವು. ಅದರೊಳಗಿನ ಮನೆಯನ್ನು ಗುಡಿ, ಬಾವಿ, ಅರಳಿಕಟ್ಟೆಗಳ ಆಸರೆಯಿಂದ ಹೇಳುವುದು ರೂಢಿ. ಕೇಳುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನು ಅವಲಂಬಿಸಿ ಇಂಥ ಗುರುತು ಅರ್ಥ ಕೊಡುತ್ತದೆ. ಊರಿನ ಪರಿಚಯವಿಲ್ಲದವನಿಗೆ ಇದು ನಿರುಪಯುಕ್ತ.

೧೮೯೨ರಲ್ಲಿ ಯೋಜಿತ ಬಡಾವಣೆಯಾಗಿ ರೂಪುಗೊಂಡ ಚಾಮರಾಜಪೇಟೆ ಹಾಗೂ ೧೮೯೮ರ ಪ್ಲೇಗಿನ ಹಿನ್ನೆಲೆಯಲ್ಲಿ ಬೆಳೆದ ಬಸವನಗುಡಿ ಮತ್ತು ಮಲ್ಲೇಶ್ವರಗಳು ಬೇರೊಂದು ಪದ್ಧತಿಯನ್ನು ತಂದವು. ಮುಖ್ಯರಸ್ತೆ, ಅಡ್ಡರಸ್ತೆ, ಮನೆಯ ಸಂಖ್ಯೆ ಎಂಬ ಹಂತಗಳ ಮೂಲಕ ಅಪರಿಚಿತನೂ ಮನೆಯನ್ನು ತಲುಪಬಹುದಾಯಿತು. ಆದರೆ ಎಂಟನೆಯ ಅಡ್ಡರಸ್ತೆ ಎಂದಷ್ಟೇ ಹೇಳಿದರೆ ಸಾಲದು. ಎಂಟನೆಯ ಅಡ್ಡರಸ್ತೆ ಹಲವು ಬಡಾವಣೆಗಳಲ್ಲಿದೆ. ಬಡಾವಣೆಯ ಹೆಸರೇ ಮೂಲ. ಉಳಿದುದೆಲ್ಲ ಆ ಮೂಲದಿಂದ ಹೊರಟ ಹಾದಿ. ೧೯೭೨ರ ಆಗಸ್ಟ್ ೧೫ರಂದು ಜಾರಿಗೆ ಬಂದ ಪಿನ್‌ಕೋಡ್ ಪದ್ಧತಿಯಲ್ಲಿ ಮಲ್ಲೇಶ್ವರಕ್ಕೆ ೫೬೦೦೦೩, ಬಸವನಗುಡಿಗೆ ೫೬೦೦೦೪, ಚಾಮರಾಜಪೇಟೆಗೆ ೫೬೦೦೧೮ ಎಂಬ ಸಂಖ್ಯೆಗಳು ಬಂದದ್ದು ಈ ಮೂಲವನ್ನು ಇನ್ನಷ್ಟು ಖಚಿತಗೊಳಿಸಿತು.

ಲಕೋಟೆಯ ಮೇಲೆ ಬರೆದ ವಿಳಾಸದ ಭಾಗಗಳ ನಡುವೆ ಅಲ್ಪವಿರಾಮವಿದ್ದರೂ, ಹೊಸ ಸಾಲಿದ್ದರೂ, ಸಣ್ಣ ಗೆರೆಯಿದ್ದರೂ ಅಂಚೆಯವರಿಗೆ ತೊಡಕಾಗುವುದಿಲ್ಲ. ಅವರು ಓದುವುದು ಭಾಗಗಳನ್ನು. ಭಾಗಗಳನ್ನು ಕೂಡಿಸುವ ಚಿಹ್ನೆಯನ್ನಲ್ಲ. ಆದರೆ ನಡುವಿನ ಹೆಸರು ಬದಲಾದರೆ ತೊಡಕು ಉಂಟಾಗುತ್ತದೆ. ಬಸವನಗುಡಿಯ ನಾಗಸಂದ್ರ ರಸ್ತೆ ಡಿ.ವಿ.ಜಿ. ರಸ್ತೆಯಾದಾಗ ಅಲ್ಲಿನ ಪ್ರತಿಯೊಂದು ಮನೆಯ ವಿಳಾಸವೂ ಬದಲಾಯಿತು, ಮನೆಗಳು ಮಾತ್ರ ಇದ್ದಲ್ಲೇ ಇದ್ದವು. ಈ ಎರಡು ಸಂಗತಿಗಳೂ ಗಣಕದ ಕಡತಗಳ ವಿಷಯದಲ್ಲಿ ಮತ್ತೆ ಎದುರಾಗುತ್ತವೆ.

ಗ್ರಂಥಸ್ಥ ಪರಂಪರೆಯ ಹಾದಿ

ವಾಹಕ ಬದಲಾದರೂ ಕೆಡದ ವಿಳಾಸವನ್ನು ಕನ್ನಡ ವಿದ್ವತ್ತು ಗಣಕಕ್ಕೆ ಬಹು ಮುಂಚೆಯೇ ರೂಢಿಸಿಕೊಂಡಿತ್ತು. ಪಂಪನ 'ವಿಕ್ರಮಾರ್ಜುನ ವಿಜಯ'ವನ್ನು ಬಿ.ಎಲ್. ರೈಸ್ ೧೮೯೮ರಲ್ಲಿ ಪ್ರಕಟಿಸಿದರು. ಕನ್ನಡ ಸಾಹಿತ್ಯ ಪರಿಷತ್ತು ೧೯೩೧ರಲ್ಲಿ ಹೊರತಂದಿತು. ಎರಡು ಮುದ್ರಣಗಳ ಪುಟಸಂಖ್ಯೆಗಳು ಒಂದಕ್ಕೊಂದು ಹೊಂದುವುದಿಲ್ಲ. ಆದರೆ ಕೃತಿ, ಆಶ್ವಾಸ, ಪದ್ಯ ಎಂಬ ಕ್ರಮದಲ್ಲಿ ಉಲ್ಲೇಖಿಸಿದಾಗ ಓದುಗನ ಕೈಯಲ್ಲಿ ಯಾವ ಮುದ್ರಣವಿದ್ದರೂ ಅವನು ಅದೇ ಪದ್ಯದ ಬಳಿಗೆ ಬರುತ್ತಾನೆ. ಪುಟಸಂಖ್ಯೆಯು ವಾಹಕಕ್ಕೆ ಅಂಟಿದ ವಿಳಾಸ. ಆಶ್ವಾಸ-ಪದ್ಯಗಳು ಕೃತಿಗೆ ಸೇರಿದ ವಿಳಾಸ. ೧೯೧೫ರಲ್ಲಿ ಸ್ಥಾಪನೆಗೊಂಡು ಚಾಮರಾಜಪೇಟೆಯಲ್ಲಿ ನೆಲೆಯೂರಿದ ಪರಿಷತ್ತು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಪ್ರಕಟಿಸಿದ ಕನ್ನಡ ನಿಘಂಟಿನಂಥ ದೀರ್ಘಕಾಲದ ಕಾರ್ಯಕ್ಕೆ ಇಂಥ ಸ್ಥಿರವಾದ ಆಕರಸೂಚನೆ ಅನಿವಾರ್ಯ.

ಜಾನಪದ ಅಧ್ಯಯನದಲ್ಲಿಯೂ ಇದಕ್ಕೆ ಸಮಾನವಾದ ಪ್ರಯತ್ನವಿದೆ. ಆಂಟಿ ಆರ್ನೆ ೧೯೧೦ರಲ್ಲಿ ಆರಂಭಿಸಿ, ಸ್ಟಿತ್ ಥಾಮ್ಸನ್ ವಿಸ್ತರಿಸಿದ ಕಥಾವರ್ಗಗಳ ಸೂಚಿಯು ಒಂದು ಕಥೆ ಯಾವ ದೇಶದ, ಯಾವ ಭಾಷೆಯ ಸಂಗ್ರಹದಲ್ಲಿದ್ದರೂ ಅದನ್ನು ಒಂದೇ ಸಂಖ್ಯೆಯಿಂದ ಗುರುತಿಸಲು ನೆರವಾಯಿತು.

ಓರೆಗೆರೆಗಳ ಚರಿತ್ರೆ

ಕಡತಗಳನ್ನು ಕೋಶದೊಳಗೆ ಕೋಶವಾಗಿ ಜೋಡಿಸುವ ಕ್ರಮವನ್ನು ೧೯೬೦ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಮಲ್ಟಿಕ್ಸ್ ವ್ಯವಸ್ಥೆಯು ಪ್ರಚುರಪಡಿಸಿತು. ಅದು ಕೋಶದ ಹೆಸರುಗಳ ನಡುವೆ > ಚಿಹ್ನೆಯನ್ನು ಬಳಸುತ್ತಿತ್ತು. ಅದರ ಅನುಭವದಿಂದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯುನಿಕ್ಸ್ ಮುಂದಕ್ಕೆ ಬಾಗಿದ ಓರೆಗೆರೆಯನ್ನು (/) ಆರಿಸಿಕೊಂಡಿತು. ಯುನಿಕ್ಸ್‌ನಲ್ಲಿ ಎಲ್ಲ ಹಾದಿಗಳಿಗೂ ಮೂಲ ಒಂದೇ.

ಮೇಜಿನ ಮೇಲಿನ ಚಿಕ್ಕ ಗಣಕಗಳ ಕಥೆ ಬೇರೆ. ಸಿಪಿ/ಎಂ ಎಂಬ ವ್ಯವಸ್ಥೆಯಿಂದ ಬಂದ ಪದ್ಧತಿಯಂತೆ ಪ್ರತಿ ತಟ್ಟೆಗೂ ಎ, ಬಿ, ಸಿ ಎಂಬ ಅಕ್ಷರಗಳಿದ್ದವು. ೧೯೮೧ರ ಎಂಎಸ್-ಡಾಸ್‌ನ ಮೊದಲ ಆವೃತ್ತಿಯಲ್ಲಿ ಕೋಶದೊಳಗಿನ ಕೋಶವೇ ಇರಲಿಲ್ಲ. ಓರೆಗೆರೆಯನ್ನು ಆದೇಶಗಳ ಆಯ್ಕೆಗಳನ್ನು ಸೂಚಿಸಲು ಬಳಸಲಾಗುತ್ತಿತ್ತು. ೧೯೮೩ರ ಎರಡನೆಯ ಆವೃತ್ತಿಯಲ್ಲಿ ಒಳಕೋಶಗಳು ಬಂದಾಗ ಆ ಚಿಹ್ನೆ ಆಗಲೇ ಬೇರೆ ಕೆಲಸದಲ್ಲಿ ತೊಡಗಿತ್ತು. ಆದ್ದರಿಂದ ಹಿಂದಕ್ಕೆ ಬಾಗಿದ ಗೆರೆಯನ್ನು (\) ಅಳವಡಿಸಲಾಯಿತು. ಹಳೆಯ ಮ್ಯಾಕಿಂತೋಷ್ ಯಂತ್ರಗಳು ವಿವರಣಚಿಹ್ನೆಯನ್ನು (:) ಬಳಸಿದವು. ೨೦೦೧ರಲ್ಲಿ ಯುನಿಕ್ಸ್ ತಳಹದಿಯ ಮೇಲೆ ಬಂದ ಹೊಸ ಮ್ಯಾಕ್ ವ್ಯವಸ್ಥೆಯು ಮುಂದಕ್ಕೆ ಬಾಗಿದ ಗೆರೆಯನ್ನು ಒಪ್ಪಿಕೊಂಡಿತು.

ಈ ಭೇದದ ಪರಿಣಾಮ ಚಿಕ್ಕದಲ್ಲ. ವಿಂಡೋಸ್‌ನ ಕ್ರಮದಲ್ಲಿ ಬರೆದ ಹಾದಿಯನ್ನು ಲಿನಕ್ಸ್ ಯಂತ್ರಕ್ಕೆ ಕೊಟ್ಟರೆ, ಅದು ಹಿಂದಕ್ಕೆ ಬಾಗಿದ ಗೆರೆಯನ್ನು ಹೆಸರಿನದೇ ಒಂದು ಅಕ್ಷರವೆಂದು ಭಾವಿಸಿ ಇಡೀ ಹಾದಿಯನ್ನು ಒಂದೇ ಹೆಸರೆಂದು ಓದುತ್ತದೆ. ಅನೇಕ ಕ್ರಮವಿಧಿ ಭಾಷೆಗಳಲ್ಲಿ ಇದೇ ಗೆರೆಯ ಮುಂದೆ ಎನ್ ಅಕ್ಷರ ಬಂದರೆ ಹೊಸ ಸಾಲು ಎಂದೂ ಟಿ ಬಂದರೆ ಅಂತರ ಎಂದೂ ಅರ್ಥವಾಗುವುದರಿಂದ, ಆ ಅಕ್ಷರಗಳಿಂದ ಆರಂಭವಾಗುವ ರೋಮನ್ ಹೆಸರಿನ ಕೋಶಗಳ ಹಾದಿ ಮುರಿದುಬೀಳುತ್ತದೆ. ಇನ್ನು ಹೊರಗಿನಿಂದ ಜೋಡಿಸುವ ತಟ್ಟೆಗೆ ಒಂದು ಯಂತ್ರದಲ್ಲಿ ಇ, ಮತ್ತೊಂದರಲ್ಲಿ ಎಫ್ ಅಕ್ಷರ ದೊರೆಯಬಹುದು. ಧ್ವನಿಸಂಗ್ರಹದ ಸೂಚಿಯಲ್ಲಿ ಪ್ರತಿ ಹಾಡಿನ ಮುಂದೆ ತಟ್ಟೆಯ ಅಕ್ಷರದಿಂದ ಆರಂಭಿಸಿ ಹಾದಿಯನ್ನು ದಾಖಲಿಸಿದ್ದರೆ ಮತ್ತೊಂದು ಯಂತ್ರದಲ್ಲಿ ಸೂಚಿಯ ಎಲ್ಲ ಹಾದಿಗಳೂ ಒಮ್ಮೆಲೇ ಸುಳ್ಳಾಗುತ್ತವೆ.

ಕನ್ನಡ ಹೆಸರುಗಳ ಪಾಡು

ಕನ್ನಡ ಕಡತಗಳಿಗೆ ಇದರ ಮೇಲೆ ಇನ್ನೊಂದು ಹೊರೆ ಬಿತ್ತು. ೧೯೯೮ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ತಂತ್ರಾಂಶಗಳು ಗಣಕದಲ್ಲಿ ಕನ್ನಡದ ಬಳಕೆಯನ್ನು ವ್ಯಾಪಕಗೊಳಿಸಿದವು. ಆದರೆ ಅಂದಿನ ವ್ಯವಸ್ಥೆಯಲ್ಲಿ ಕನ್ನಡ ಅಕ್ಷರದ ತುಣುಕುಗಳು ಲ್ಯಾಟಿನ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿದ್ದವು. ಕನ್ನಡದ ಅಕ್ಷರಶೈಲಿಯನ್ನು ಆಯ್ದಾಗ ಮಾತ್ರ ಪಠ್ಯ ಕನ್ನಡವಾಗಿ ಕಾಣುತ್ತಿತ್ತು. ಕಡತದ ಹೆಸರನ್ನು ವ್ಯವಸ್ಥೆಯು ತನ್ನದೇ ಅಕ್ಷರಶೈಲಿಯಲ್ಲಿ ತೋರಿಸುವುದರಿಂದ ಒಳಗೆ ಕನ್ನಡವಿದ್ದ ಕಡತಕ್ಕೂ ಹೊರಗೆ ರೋಮನ್ ಹೆಸರೇ ಗತಿಯಾಯಿತು.

ರೋಮನ್ ಲಿಪ್ಯಂತರದಲ್ಲಿ ಅಡಗಿರುವ ಅಪಾಯಕ್ಕೆ ಒಂದು ಉದಾಹರಣೆ ಸಾಕು. 'ಬರಹ'ದ ಲಿಪ್ಯಂತರದಲ್ಲಿ ಲಕಾರಕ್ಕೆ ಚಿಕ್ಕಕ್ಷರದ ಎಲ್, ಳಕಾರಕ್ಕೆ ದೊಡ್ಡಕ್ಷರದ ಎಲ್ ಬಳಕೆಯಾಗುತ್ತದೆ. ಹಾಗಾಗಿ ಬಲೆ ಮತ್ತು ಬಳೆ ಎಂಬ ಎರಡು ಹೆಸರುಗಳಿಗೆ ಇರುವ ವ್ಯತ್ಯಾಸ ಅಕ್ಷರದ ಗಾತ್ರದ್ದು ಮಾತ್ರ. ಲಿನಕ್ಸ್ ಇವನ್ನು ಎರಡು ಕಡತಗಳೆಂದು ಕಾಪಾಡುತ್ತದೆ. ವಿಂಡೋಸ್ ಸಾಮಾನ್ಯವಾಗಿ ದೊಡ್ಡ-ಚಿಕ್ಕ ಅಕ್ಷರಗಳ ಭೇದವನ್ನು ಗಣಿಸುವುದಿಲ್ಲ. ಬೆಸ್ತರ ಬಲೆಯ ಹಾಡನ್ನೂ ಬಳೆಗಾರನ ಬಳೆಯ ಹಾಡನ್ನೂ ಒಂದೇ ಕೋಶಕ್ಕೆ ನಕಲಿಸಿದಾಗ ಎರಡನೆಯದು ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಕೂರುವ ಸಂಭವವಿದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ-ಚಿಕ್ಕಕ್ಷರಗಳಿಲ್ಲ. ಈ ತೊಂದರೆ ಲಿಪ್ಯಂತರದಿಂದಲೇ ಹುಟ್ಟಿದ್ದು.

೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿತ್ತು. ೨೦೦೧ರ ವಿಂಡೋಸ್ ಎಕ್ಸ್‌ಪಿ ಕನ್ನಡವನ್ನು ಬೆಂಬಲಿಸಿದ ಮೇಲೆ ಕಡತಕ್ಕೆ ಕನ್ನಡದಲ್ಲಿಯೇ ಹೆಸರಿಡುವುದು ಸಾಧ್ಯವಾಯಿತು. ಆದರೆ ಇಲ್ಲಿಯೂ ಒಂದು ಸೂಕ್ಷ್ಮವಿದೆ. ಕೋ ಎಂಬ ಅಕ್ಷರವನ್ನು ಕೈಯಲ್ಲಿ ಬರೆಯುವಾಗ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘಚಿಹ್ನೆಗಳನ್ನು ಒಂದೊಂದಾಗಿ ಸೇರಿಸಲಾಗುತ್ತದೆ. ಯೂನಿಕೋಡ್ ಎರಡು ಬಗೆಯನ್ನೂ ಮಾನ್ಯ ಮಾಡಿದೆ: ಓತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಈ, ಏ, ಐ, ಒ ಸ್ವರಗಳ ಚಿಹ್ನೆಗಳನ್ನು ಎರಡೆರಡಾಗಿ ಬಿಡಿಸಬಹುದು. ಹೀಗಾಗಿ ಕೋಲಾಟ ಎಂಬ ಹೆಸರು ಕೂಡಿಸಿದ ರೂಪದಲ್ಲಿ ಐದು ಸಂಕೇತ, ಬಿಡಿಸಿದ ರೂಪದಲ್ಲಿ ಏಳು. ಕಣ್ಣಿಗೆ ಎರಡೂ ಒಂದೇ.

೧೯೯೮ರಲ್ಲಿ ಬಂದ ಮ್ಯಾಕ್‌ನ ಎಚ್‌ಎಫ್‌ಎಸ್ ಪ್ಲಸ್ ಎಂಬ ಕಡತವ್ಯವಸ್ಥೆಯು ಹೆಸರುಗಳನ್ನು ಬಿಡಿಸಿದ ರೂಪದಲ್ಲಿಯೇ ಸಂಗ್ರಹಿಸುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್‌ಗಳು ಕೊಟ್ಟದ್ದನ್ನು ಕೊಟ್ಟಂತೆ ಇಟ್ಟುಕೊಳ್ಳುತ್ತವೆ. ಬೆರಳಚ್ಚಿನಿಂದ ಬರುವುದು ಸಾಮಾನ್ಯವಾಗಿ ಕೂಡಿಸಿದ ರೂಪ. ಅಂಥ ಮ್ಯಾಕ್ ಯಂತ್ರದಿಂದ ಲಿನಕ್ಸ್‌ಗೆ ಬಂದ ಕೋಲಾಟದ ಕಡತವನ್ನು ಸೂಚಿಯಲ್ಲಿ ಬೆರಳಚ್ಚಿಸಿದ ಹೆಸರಿನಿಂದ ಹುಡುಕಿದರೆ ಕಡತವಿಲ್ಲ ಎಂಬ ಉತ್ತರ ಬರುತ್ತದೆ. ೨೦೧೭ರಲ್ಲಿ ಮ್ಯಾಕ್‌ಗಳಿಗೆ ಬಂದ ಎಪಿಎಫ್‌ಎಸ್ ಈ ಕಡ್ಡಾಯ ವಿಭಜನೆಯನ್ನು ಕೈಬಿಟ್ಟಿತು. ಆದರೆ ಅದಕ್ಕೆ ಮುಂಚೆ ಸಾಗಿಬಂದ ಹೆಸರುಗಳು ಸಂಗ್ರಹಗಳಲ್ಲಿ ಹಾಗೆಯೇ ಉಳಿದಿರುತ್ತವೆ. 'ಸಾಫ್ಟ್‌ವೇರ್' ಎಂಬಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಸಂಕೇತವೂ ಹೆಸರಿನ ಭಾಗವೇ. ಪದದ ಕೊನೆಯ ಅರ್ಧಾಕ್ಷರದ ಪಕ್ಕದಲ್ಲಿ ಅದು ಉಳಿದುಬಿಟ್ಟರೆ ಕಣ್ಣಿಗೆ ಕಾಣದು. ಗಣಕಕ್ಕೆ ಮಾತ್ರ ಅದು ಬೇರೆಯೇ ಹೆಸರು.

ಹೆಸರಿನ ಉದ್ದಕ್ಕೂ ಮಿತಿಯಿದೆ. ಲಿನಕ್ಸ್‌ನ ಸಾಮಾನ್ಯ ಕಡತವ್ಯವಸ್ಥೆಗಳಲ್ಲಿ ಒಂದು ಹೆಸರು ೨೫೫ ಬೈಟ್‌ಗಳನ್ನು ಮೀರುವಂತಿಲ್ಲ. ಯುಟಿಎಫ್-೮ ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕಾಗುವುದರಿಂದ ೮೫ ಸಂಕೇತಗಳಿಗಷ್ಟೇ ಅವಕಾಶ. ಸ್ತ್ರೀ ಎಂಬ ಒಂದೇ ಅಕ್ಷರವು ಆರು ಸಂಕೇತ, ಎಂದರೆ ೧೮ ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ೨೫೫ ಕನ್ನಡ ಸಂಕೇತಗಳು ಹಿಡಿಯುತ್ತವೆ. ಹಾಡಿನ ಮೊದಲ ಸಾಲನ್ನೇ ಹೆಸರಾಗಿಟ್ಟ ಕಡತವು ಅಲ್ಲಿ ಸಲ್ಲುತ್ತದೆ, ಇಲ್ಲಿ ಸಲ್ಲುವುದಿಲ್ಲ.

ಪರಿಹಾರದ ಮಾರ್ಗ

ಕ್ರಮವಿಧಿಯ ಲೋಕವು ಕಂಡುಕೊಂಡ ಪರಿಹಾರವು ಅಂಚೆಯವರ ವಿವೇಕಕ್ಕೆ ಸಮೀಪವಾದುದು: ಹಾದಿಯನ್ನು ಗೆರೆಗಳಿರುವ ಒಂದು ಉದ್ದನೆಯ ಬರಹವೆಂದು ಕಾಣದೆ ಭಾಗಗಳ ಸರಣಿಯೆಂದು ಕಾಣುವುದು, ಕೂಡಿಸುವ ಚಿಹ್ನೆಯ ಆಯ್ಕೆಯನ್ನು ಆಯಾ ವ್ಯವಸ್ಥೆಗೆ ಬಿಡುವುದು. ಜಾವಾ ಭಾಷೆಯು ವಿಭಾಜಕ ಚಿಹ್ನೆಯನ್ನು ವ್ಯವಸ್ಥೆಯಿಂದಲೇ ಕೇಳಿ ಪಡೆಯುವ ಅನುಕೂಲ ಕಲ್ಪಿಸಿತು. ೨೦೧೪ರ ಪೈಥಾನ್ ೩.೪ ಆವೃತ್ತಿಯಲ್ಲಿ ಸೇರಿದ ಪಾಥ್‌ಲಿಬ್, ೨೦೧೭ರ ಸಿ++ ಮಾನಕದಲ್ಲಿ ಸೇರಿದ ಫೈಲ್‌ಸಿಸ್ಟಮ್ ಭಾಗಗಳು ಹಾದಿಯನ್ನು ಸ್ವತಂತ್ರ ವಸ್ತುವನ್ನಾಗಿಯೇ ಪರಿಗಣಿಸಿದವು.

ಆದರೆ ಗೆರೆಯ ತೊಡಕನ್ನು ಬಿಡಿಸುವ ಈ ಸಾಧನಗಳು ಹೆಸರಿನ ತೊಡಕನ್ನು ತಾವಾಗಿ ಬಿಡಿಸಲಾರವು. ಕನ್ನಡ ಸಂಗ್ರಹಗಳು ಹೆಚ್ಚಾಗಿ ಮೂರು ನಿಯಮಗಳನ್ನು ಪಾಲಿಸಬೇಕಾಗುತ್ತದೆ. ಮೊದಲನೆಯದು, ಸೂಚಿಯಲ್ಲಿ ಬರೆಯುವ ಹಾದಿಯು ಸಂಗ್ರಹದ ಸ್ವಂತ ಮೂಲಕೋಶದಿಂದ ಆರಂಭವಾಗಬೇಕು. ಆ ಮೂಲ ಯಾವ ಯಂತ್ರದಲ್ಲಿ ಎಲ್ಲಿದೆ ಎಂಬುದನ್ನು ಒಂದೇ ಕಡೆ ನಮೂದಿಸಬೇಕು. ಎರಡನೆಯದು, ಹೆಸರುಗಳನ್ನೆಲ್ಲ ಯೂನಿಕೋಡ್ ನಿಗದಿಪಡಿಸಿರುವ ಕೂಡಿಸಿದ ರೂಪಕ್ಕೆ ತಂದು, ಅನಗತ್ಯ ಅಗೋಚರ ಸಂಕೇತಗಳನ್ನು ಪ್ರತ್ಯೇಕವಾಗಿ ತೆಗೆಯಬೇಕು. ವಿಂಡೋಸ್ ನಿಷೇಧಿಸುವ ವಿವರಣಚಿಹ್ನೆ, ಪ್ರಶ್ನಾರ್ಥಕಚಿಹ್ನೆ, ಉದ್ಧರಣಚಿಹ್ನೆಗಳನ್ನು ಹೆಸರಿನಲ್ಲಿ ಬಳಸಬಾರದು. ಮೂರನೆಯದು, ಹಾಡುಗಾರ, ಊರು, ದಿನಾಂಕ, ಸಂಗ್ರಾಹಕ ಎಂಬ ವಿವರಗಳನ್ನು ಹಾದಿಯ ಮೇಲೆ ಹೇರದೆ ಸೂಚಿಯಲ್ಲಿಯೂ ಕಡತದ ಒಳಗಿನ ವಿವರಣೆಯಲ್ಲಿಯೂ ದಾಖಲಿಸಬೇಕು. ಕೋಶದ ಹೆಸರು ಬದಲಾದರೂ ಹಾಡಿನ ಗುರುತು ಆಗ ಉಳಿಯುತ್ತದೆ.

ಒಟ್ಟಿನಲ್ಲಿ, ಹಾದಿಯನ್ನು ಸಾಗಿಸಬಲ್ಲಂತೆ ಬರೆಯುವುದು ಕೇವಲ ತಾಂತ್ರಿಕರ ಕಾಳಜಿಯಲ್ಲ, ಆಕರಶಾಸ್ತ್ರಕ್ಕೆ ಸೇರಿದ ವಿಷಯವೂ ಹೌದು ಎನ್ನಬಹುದು. ಮುದ್ರಿತ ಕಾವ್ಯಕ್ಕೆ ಹಲವು ಪ್ರತಿಗಳಿರುತ್ತವೆ. ಒಬ್ಬ ಹಾಡುಗಾರ್ತಿ ಒಂದು ದಿನ ಹಾಡಿದ ಹಾಡಿಗೆ ಅನೇಕ ವೇಳೆ ಒಂದೇ ಧ್ವನಿಮುದ್ರಣವಿರುತ್ತದೆ. ಅವರು ತೀರಿಕೊಂಡ ಮೇಲೆ ಅದನ್ನು ಮತ್ತೆ ಪಡೆಯುವುದು ಸಾಧ್ಯವಿಲ್ಲ. ಪದ್ಯವನ್ನು ಪುಟಸಂಖ್ಯೆಗೆ ಒಪ್ಪಿಸದೆ ಆಶ್ವಾಸ-ಪದ್ಯಗಳಿಂದ ಗುರುತಿಸಿದ ವಿದ್ವತ್ ಶಿಸ್ತನ್ನು ಧ್ವನಿಕಡತಗಳ ಸೂಚಿಗೂ ವಿಸ್ತರಿಸುವುದು ಗ್ರಂಥಾಲಯಗಳ ಹಾಗೂ ಜಾನಪದ ಸಂಗ್ರಹಾಲಯಗಳ ಮುಂದಿರುವ ತುರ್ತು ಕಾರ್ಯವಾಗಿದೆ.